ಹೊಂಗೆ ಮರದ ಒಕ್ಕಲು

ಗಣೇಶನ ಹಬ್ಬ ಕಳೆದು ನವರಾತ್ರಿಗೆ ಇನ್ನೂ ಒಂದೆರಡು ವಾರ ಇರುವಾಗ, ಮೈಸೂರಿನ ನಮ್ಮ ಬೀದಿಯ ಹೊಂಗೆ ಮರದಿಂದ ‘ಚಿಸ್ಲೀ’ ಎಂಬ ದನಿಯೊಂದು ಕೇಳಿಬರುತ್ತದೆ. ಎರಡೇ ಅಕ್ಷರದ ಕೂಗು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ‘ಚಿಸ್ಲೀ’. ಹಾಲಿನ ಗಾಡಿ, ಸೊಪ್ಪಿನವರ ಕೂಗು, ಶಾಲಾ ವ್ಯಾನಿನ ಹಾರ್ನು ಇವೆಲ್ಲದರ ನಡುವೆ ಅದು ಕಿವಿಗೊಟ್ಟವರಿಗೆ ಮಾತ್ರ ಸಿಗುತ್ತದೆ. ಒಮ್ಮೆ ಸಿಕ್ಕಿತೆಂದರೆ ಮುಂದಿನ ಏಳು ತಿಂಗಳು ಕಿವಿ ಅದನ್ನು ಬಿಡುವುದಿಲ್ಲ.

ದನಿ ಸಿಕ್ಕಷ್ಟು ಸುಲಭವಾಗಿ ಹಕ್ಕಿ ಸಿಗುವುದಿಲ್ಲ. ಎಲೆಯ ಬಣ್ಣವೇ ಅದರ ಮೈಬಣ್ಣ. ಬೆನ್ನು ಮಾಸಲು ಹಸಿರು, ಹೊಟ್ಟೆ ಮಾಸಲು ಬಿಳಿ, ಕಣ್ಣಿನ ಮೇಲೆ ತಿಳಿಯಾದ ಉದ್ದ ಹುಬ್ಬು, ರೆಕ್ಕೆಯ ಮೇಲೆ ಚಿಕ್ಕದೊಂದು ಬಿಳಿಗೀಟು. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿದರೆ ಒಂದು ಎಲೆ ಗಾಳಿಯಿಲ್ಲದೆ ಅಲುಗುತ್ತದೆ. ಅದರ ಹಿಂದಿನಿಂದ ಹೆಬ್ಬೆರಳುದ್ದದ ಜೀವವೊಂದು ಇಣುಕಿ, ಇನ್ನೊಂದು ಎಲೆಯ ಅಡಿಗೆ ನೆಗೆದು, ಕ್ಷಣಕಾಲ ಗಾಳಿಯಲ್ಲೇ ನಿಂತು ಏನನ್ನೋ ಹೆಕ್ಕಿ ಮರೆಯಾಗುತ್ತದೆ. ಹೊಂಗೆಯ ಎಲೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಆ ‘ಏನೋ’ ಯಾವುದೆಂದು ಊಹಿಸುವುದು ಕಷ್ಟವಲ್ಲ. ಎಲೆಯ ತುಂಬ ಗುಳ್ಳೆಗಳು, ಎಲೆಯ ಪದರದೊಳಗೆ ಹುಳು ಕೊರೆದು ಸಾಗಿದ ಬಿಳಿಯ ಜಾಡುಗಳು, ಅಡಿಯಲ್ಲಿ ಜೇಡದ ಮರಿಗಳು, ಮೊಟ್ಟೆಯ ಗುಂಪುಗಳು. ನಮಗೆ ರೋಗ ಹಿಡಿದಂತೆ ಕಾಣುವ ಎಲೆ ಈ ಹಕ್ಕಿಗೆ ಬಡಿಸಿಟ್ಟ ಬಾಳೆ.

ಇಂಗ್ಲಿಷಿನಲ್ಲಿ ಇದಕ್ಕೆ ಗ್ರೀನಿಶ್ ವಾರ್ಬ್ಲರ್ ಎಂದು ಹೆಸರು. ಕನ್ನಡದ ಪಕ್ಷಿವೀಕ್ಷಕರು ಈ ಬಳಗವನ್ನು ಉಲಿಯಕ್ಕಿಗಳೆನ್ನುತ್ತಾರೆ. ಎಲೆಗಳ ನಡುವೆಯೇ ಬದುಕುವ ಇದನ್ನು ಹಸಿರು ಎಲೆ ಉಲಿಯಕ್ಕಿ ಎಂದು ಕರೆಯೋಣ. ತೂಕ ಏಳೆಂಟು ಗ್ರಾಂ, ಅಂದರೆ ಅಂಗೈಯಲ್ಲಿ ಹತ್ತು ರೂಪಾಯಿಯ ನಾಣ್ಯವೊಂದನ್ನು ಇಟ್ಟುಕೊಂಡಷ್ಟು. ಆ ನಾಣ್ಯದ ತೂಕದ ಹಕ್ಕಿ ಕಜಾಕಸ್ತಾನದ ಬೆಟ್ಟಗಳಿಂದ, ರಷ್ಯಾದ ಕಾಡುಗಳಿಂದ, ಕೆಲವೊಮ್ಮೆ ಬಾಲ್ಟಿಕ್ ಸಮುದ್ರದ ದಂಡೆಯಿಂದ ನಮ್ಮ ಬೀದಿಗೆ ಬಂದಿರುತ್ತದೆ.

ಬಾಲ್ಟಿಕ್ ದಂಡೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಿನ್‌ಲ್ಯಾಂಡಿನ ಕಾಡಿನಲ್ಲಿ ಇದರ ಹತ್ತಿರದ ಸಂಬಂಧಿಯಾದ ವಿಲೋ ವಾರ್ಬ್ಲರ್ ಎಂಬ ಇನ್ನೊಂದು ಉಲಿಯಕ್ಕಿಯೂ ಗೂಡು ಕಟ್ಟುತ್ತದೆ. ಗಾತ್ರ, ಊಟ, ಕಾಡು ಎಲ್ಲವೂ ಹೆಚ್ಚುಕಡಿಮೆ ಒಂದೇ. ಚಳಿ ಬಂದಾಗ ವಿಲೋ ವಾರ್ಬ್ಲರ್ ಆಫ್ರಿಕಾದ ಹಾದಿ ಹಿಡಿಯುತ್ತದೆ. ನಮ್ಮ ಹಕ್ಕಿ ಮಾತ್ರ ಆಗ್ನೇಯಕ್ಕೆ ತಿರುಗಿ ಮಧ್ಯ ಏಷ್ಯಾದ ಮೂಲಕ ಭಾರತಕ್ಕೆ ಬರುತ್ತದೆ. ಹೆಲ್ಸಿಂಕಿಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೇ ಆರೂವರೆ ಸಾವಿರ ಕಿಲೋಮೀಟರ್ ಮೀರುತ್ತದೆ. ಏಷ್ಯಾದಿಂದ ಪೀಳಿಗೆ ಪೀಳಿಗೆಯಾಗಿ ಪಶ್ಚಿಮಕ್ಕೆ ಹಬ್ಬುತ್ತಾ ಹೋದ ಈ ಜಾತಿ, ಚಳಿಗಾಲದ ಹಾದಿಯನ್ನು ಮಾತ್ರ ಹಿರಿಯರು ಹೋದಂತೆಯೇ ಉಳಿಸಿಕೊಂಡಿದೆ. ಹೊಸ ಊರಿನಲ್ಲಿ ಮನೆ ಮಾಡಿದ ಮೇಲೂ ಹಬ್ಬಕ್ಕೆ ಹಳೆಯ ಊರಿಗೇ ಬರುವ ಕುಟುಂಬದ ಹಾಗೆ.

ಪ್ರಯಾಣವೆಲ್ಲ ಹೆಚ್ಚಾಗಿ ರಾತ್ರಿಯ ಹೊತ್ತು. ಹಗಲು ಎಲ್ಲಾದರೂ ಇಳಿದು ತಿಂದು ಕೊಬ್ಬು ತುಂಬಿಕೊಳ್ಳಬೇಕು, ಕತ್ತಲಾದ ಮೇಲೆ ಆ ಕೊಬ್ಬನ್ನು ಉರಿಸಿ ಹಾರಬೇಕು. ಚಿಕ್ಕ ಹಾಡುಹಕ್ಕಿಗಳು ನಕ್ಷತ್ರಗಳನ್ನೂ ಭೂಮಿಯ ಕಾಂತಕ್ಷೇತ್ರವನ್ನೂ ದಿಕ್ಕಿಗೆ ಬಳಸಿಕೊಳ್ಳುತ್ತವೆ ಎಂಬುದು ಹಲವು ದಶಕಗಳ ಪ್ರಯೋಗಗಳಿಂದ ತಿಳಿದಿದೆ. ಇಂಥ ಮರಿಗಳಿಗೆ ಜತೆಯಲ್ಲಿ ತಂದೆತಾಯಿ ಇರುವುದಿಲ್ಲ. ಜೂನಿನಲ್ಲಿ ಪಾಚಿಯಿಂದ ಕಟ್ಟಿದ, ನೆಲಕ್ಕಂಟಿದ ಗುಂಡನೆಯ ಗೂಡಿನಲ್ಲಿ ಕಣ್ಣು ಬಿಟ್ಟ ಮರಿ, ಮೂರು ತಿಂಗಳೊಳಗೆ ತಾನು ಎಂದೂ ನೋಡದ ದೇಶದತ್ತ ರಾತ್ರಿಯ ಆಕಾಶಕ್ಕೆ ಏರುತ್ತದೆ. ದಿಕ್ಕು ಅದರ ಹುಟ್ಟಿನಲ್ಲೇ ಬರೆದಿರುತ್ತದೆ.

ಜೀವವಿಜ್ಞಾನಿಗಳ ನಡುವೆ ಈ ಹಕ್ಕಿ ಬೇರೊಂದು ಕಾರಣಕ್ಕೆ ಹೆಸರುವಾಸಿ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಮರಗಳಿಲ್ಲ, ಹಾಗಾಗಿ ಅಲ್ಲಿ ಇದಕ್ಕೆ ನೆಲೆಯಿಲ್ಲ. ಆದರೆ ಪ್ರಸ್ಥಭೂಮಿಯ ಸುತ್ತ ಬಳೆಯಂತೆ ಇದರ ಸಂಸಾರ ಹರಡಿದೆ: ದಕ್ಷಿಣದಲ್ಲಿ ಹಿಮಾಲಯ, ಒಂದು ತೋಳು ಪಶ್ಚಿಮದಿಂದ ಬಳಸಿ ಸೈಬೀರಿಯಾಕ್ಕೆ, ಇನ್ನೊಂದು ಚೀನಾದ ಕಡೆಯಿಂದ ಬಳಸಿ ಅದೇ ಸೈಬೀರಿಯಾಕ್ಕೆ. ಬಳೆಯ ಉದ್ದಕ್ಕೂ ಪಕ್ಕಪಕ್ಕದ ಹಕ್ಕಿಗಳ ನಡುವಿನ ವ್ಯತ್ಯಾಸ ಕೊಂಚವೇ. ಎರಡು ತುದಿಗಳು ಯೆನಿಸಿ ನದಿಯ ಆಸುಪಾಸಿನಲ್ಲಿ ಸೇರುವಾಗ ಮಾತ್ರ ಒಂದನ್ನೊಂದು ತಮ್ಮವರೆಂದು ಗುರುತಿಸುವುದಿಲ್ಲ. 1938ರಲ್ಲಿಯೇ ಕ್ಲಾಡ್ ಟೈಸ್‌ಹರ್ಸ್ಟ್ ಎಂಬ ಪಕ್ಷಿತಜ್ಞ ಈ ವಿಚಿತ್ರವನ್ನು ಗಮನಿಸಿದ್ದ. ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು ಬಳೆಯ ಸುತ್ತ ತಿರುಗಿ ಹಾಡುಗಳನ್ನು ಧ್ವನಿಮುದ್ರಿಸಿ ಹೋಲಿಸಿ ನೋಡಿ, 2001ರಲ್ಲಿ ಪ್ರಕಟಿಸಿದರು. ಹಿಮಾಲಯದಲ್ಲಿ ಹಾಡು ಚಿಕ್ಕದು, ಸರಳ. ಎರಡೂ ತೋಳುಗಳಲ್ಲಿ ಉತ್ತರಕ್ಕೆ ಹೋದಂತೆ ಅದು ಉದ್ದವಾಗುತ್ತದೆ, ಜಟಿಲವಾಗುತ್ತದೆ, ಆದರೆ ಪ್ರತಿಯೊಂದು ತೋಳಿನಲ್ಲಿ ಅದರದೇ ರೀತಿಯಲ್ಲಿ. ಕೊನೆಯಲ್ಲಿ ಎದುರಾಗುವ ಹೊತ್ತಿಗೆ ಒಬ್ಬರ ಹಾಡು ಇನ್ನೊಬ್ಬರಿಗೆ ಹಾಡೇ ಅಲ್ಲ. ಒಂದು ಜಾತಿ ಎರಡಾಗುವುದನ್ನು ಭೂಪಟದ ಮೇಲೆ ಬೆರಳಿಟ್ಟು ತೋರಿಸಬಹುದಾದ ಅಪರೂಪದ ನಿದರ್ಶನ ಇದು. ಬಳೆ ನಾವು ಅಂದುಕೊಂಡಷ್ಟು ಅಖಂಡವಾಗಿರಲಿಲ್ಲ, ಹಿಂದೆ ಅಲ್ಲಲ್ಲಿ ತುಂಡಾಗಿ ಮತ್ತೆ ಬೆಸೆದಿದೆ ಎಂದು 2014ರ ವಂಶವಾಹಿ ಅಧ್ಯಯನ ತೋರಿಸಿತು. ಅದರಿಂದ ಕಥೆ ಇನ್ನಷ್ಟು ಸ್ವಾರಸ್ಯವಾಯಿತೇ ಹೊರತು ಕುಂದಲಿಲ್ಲ. ದಕ್ಷಿಣ ಭಾರತಕ್ಕೆ ಚಳಿಗಾಲ ಕಳೆಯಲು ಬರುವವು ಹೆಚ್ಚಾಗಿ ಪಶ್ಚಿಮದ ತೋಳಿನ ಹಕ್ಕಿಗಳು.

ಇಲ್ಲಿಯವರೆಗಿನದು ಬೆರಗಿನ ಭಾಗ. ಹಕ್ಕಿ ಹುಟ್ಟಿದ ನೆಲದಲ್ಲಿ ಕಳೆಯುವುದು ವರ್ಷದಲ್ಲಿ ಮೂರು ತಿಂಗಳು ಇದ್ದೀತು. ಹಾದಿಯಲ್ಲಿ ಒಂದಿಷ್ಟು ದಿನ. ಉಳಿದದ್ದೆಲ್ಲ ಸೆಪ್ಟೆಂಬರಿನಿಂದ ಏಪ್ರಿಲ್ ಕೊನೆಯವರೆಗೆ ಇಲ್ಲಿ. ಆದರೂ ಪತ್ರಿಕೆಗಳಲ್ಲಿ, ಅರಣ್ಯ ಇಲಾಖೆಯ ಫಲಕಗಳಲ್ಲಿ ವಲಸೆ ಹಕ್ಕಿಗಳೆಂದರೆ ‘ವಿದೇಶಿ ಅತಿಥಿಗಳು’. ತಿಥಿ ಹೇಳದೆ ಬರುವವನು ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಾರೆ. ಈ ಹಕ್ಕಿ ತಿಥಿ ತಪ್ಪದೆ ಬರುತ್ತದೆ, ವರ್ಷದ ಹೆಚ್ಚು ಭಾಗ ಇಲ್ಲೇ ಇರುತ್ತದೆ, ತನ್ನ ಜಾಗವನ್ನು ಕಾಯುತ್ತದೆ. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ಇದು ಒಕ್ಕಲು. ಪದದ ಈ ತಪ್ಪು ಸಣ್ಣದೆನಿಸಬಹುದು, ಆದರೆ ಅದರ ಹಿಂದೆಯೇ ಒಂದು ದೊಡ್ಡ ತಪ್ಪು ಬರುತ್ತದೆ. ಅತಿಥಿಗೆ ಒಂದು ಜಾಗ ತಪ್ಪಿದರೆ ಇನ್ನೊಂದು ಮನೆ ಇದ್ದೇ ಇರುತ್ತದೆ ಎಂದುಕೊಳ್ಳುತ್ತೇವೆ. ಒಕ್ಕಲಿಗೆ ಹಾಗಲ್ಲ.

ಟ್ರೆವರ್ ಪ್ರೈಸ್ ಎಂಬ ವಿಜ್ಞಾನಿ ಆಂಧ್ರದಲ್ಲಿ ಈ ಹಕ್ಕಿಗಳ ಚಳಿಗಾಲದ ಬದುಕನ್ನು ಅಭ್ಯಾಸ ಮಾಡಿ 1981ರಲ್ಲಿ ಪ್ರಕಟಿಸಿದ. ಮುಂದೆ ತೊಂಬತ್ತರ ದಶಕದಲ್ಲಿ ಮಧುಸೂದನ ಕಟ್ಟಿ ತಮಿಳುನಾಡಿನ ಕಳಕ್ಕಾಡು–ಮುಂಡಂತುರೈ ಕಾಡಿನಲ್ಲಿ ಇದೇ ಹಕ್ಕಿಯ ಹಿಂದೆ ಬಿದ್ದರು. ಇವರಿಂದ ನಮಗೆ ತಿಳಿದ ಮುಖ್ಯ ಸಂಗತಿ ಇದು: ಇಲ್ಲಿಗೆ ಬಂದ ಪ್ರತಿಯೊಂದು ಹಕ್ಕಿಯೂ, ಗಂಡಾಗಲಿ ಹೆಣ್ಣಾಗಲಿ, ತನಗೆಂದು ಒಂಟಿಯಾಗಿ ಒಂದು ಜಾಗ ಹಿಡಿದು ಚಳಿಗಾಲವಿಡೀ ಅದನ್ನು ಕಾಯುತ್ತದೆ. ‘ಚಿಸ್ಲೀ’ ಎಂಬ ಕೂಗು ಬೇಲಿ. ಇದು ನನ್ನದು, ಒಳಗೆ ಬರಬೇಡ ಎಂದು ಅದು ದಿನವಿಡೀ ಸಾರುತ್ತದೆ. ಗಡಿ ದಾಟಿದ ಇನ್ನೊಂದು ಉಲಿಯಕ್ಕಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕಾಲಿಗೆ ಬಣ್ಣದ ಉಂಗುರ ತೊಡಿಸಿದ ಹಕ್ಕಿಗಳು ಮರುವರ್ಷ ಅದೇ ಜಾಗಕ್ಕೆ ಮರಳಿ ಬಂದದ್ದೂ ದಾಖಲಾಗಿದೆ. ಸಾವಿರಾರು ಕಿಲೋಮೀಟರ್ ದಾಟಿ, ಒಂದು ಖಂಡದ ಕಾಡನ್ನೆಲ್ಲ ಬಿಟ್ಟು, ಹೋದ ವರ್ಷದ ಅದೇ ನಾಲ್ಕಾರು ಮರಗಳಿಗೆ.

ಕಟ್ಟಿಯವರ ಕೆಲಸದಲ್ಲಿ ಇನ್ನೊಂದು ಎಳೆ ಇದೆ. ಚಳಿಗಾಲದಲ್ಲಿ ಎಲೆಗಳ ಮೇಲಿನ ಹುಳುಹುಪ್ಪಟೆಯ ಪ್ರಮಾಣ ಹಿಂಗಾರು ಮಳೆಯನ್ನು ಅವಲಂಬಿಸಿದೆ. ಮಳೆ ಚೆನ್ನಾಗಿ ಬಿದ್ದರೆ ಚಿಗುರು, ಚಿಗುರಿದ್ದರೆ ಹುಳು, ಹುಳುವಿದ್ದರೆ ಹಕ್ಕಿ. ಹಿಂಗಾರು ಕೈಕೊಟ್ಟ ವರ್ಷ ಹಕ್ಕಿಗೂ ಬರಗಾಲವೇ. ಜೋಳ, ಕಡಲೆ ಬಿತ್ತುವ ಬಯಲುಸೀಮೆಯ ರೈತ ಆಕಾಶ ನೋಡುವ ತಿಂಗಳುಗಳಲ್ಲೇ ಸೈಬೀರಿಯಾದ ಹಕ್ಕಿಯ ಹಣೆಬರಹವೂ ತೀರ್ಮಾನವಾಗುತ್ತದೆ.

ಈಗ ಲೆಕ್ಕ ಮಾಡಿ ನೋಡಿ. ಒಳ್ಳೆಯ ಮರಗಳೆಲ್ಲ ಒಂದೊಂದು ಹಕ್ಕಿಯ ವಶದಲ್ಲಿರುವಾಗ ಒಂದು ಸಾಲು ಮರ ಉರುಳಿದರೆ ಆ ಜಾಗದ ಹಕ್ಕಿ ಎಲ್ಲಿಗೆ ಹೋಗಬೇಕು? ಪಕ್ಕದ ಬೀದಿಯಲ್ಲಿ ಇನ್ನೊಂದು ಹಕ್ಕಿ ಕೂಗುತ್ತಿದೆ. ಅದರಾಚೆ ಮತ್ತೊಂದು. ಜಾಗ ಕಳೆದುಕೊಂಡ ಹಕ್ಕಿ ಕಡಿಮೆ ಹುಳುವಿರುವ, ಯಾರಿಗೂ ಬೇಡವಾದ ಅಂಚಿಗೆ ಸರಿಯುತ್ತದೆ. ಅಲ್ಲಿ ಏಪ್ರಿಲ್ ಹೊತ್ತಿಗೆ ಮರುಪ್ರಯಾಣಕ್ಕೆ ಬೇಕಾದಷ್ಟು ಕೊಬ್ಬು ಕೂಡದಿದ್ದರೆ ಅದು ಮಧ್ಯ ಏಷ್ಯಾದ ಯಾವುದೋ ಮರಳುಗಾಡಿನ ಮೇಲೆ ಸೋಲುತ್ತದೆ. ಸಾವು ಅಲ್ಲಿ ಸಂಭವಿಸುತ್ತದೆ, ಕಾರಣ ಇಲ್ಲಿರುತ್ತದೆ. ಹಕ್ಕಿ ಸತ್ತದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಾಣುವುದಿಲ್ಲ.

ನಮ್ಮ ಬೀದಿಯಲ್ಲಿ ಐದು ಹೊಂಗೆ ಮರಗಳಿದ್ದವು. ಎರಡು ವರ್ಷದ ಹಿಂದೆ ಚರಂಡಿ ಮತ್ತು ರಸ್ತೆ ಕಾಮಗಾರಿಗೆ ಮೂರನ್ನು ಕಡಿದರು. ಬೇಸಿಗೆಯಲ್ಲಿ ಕಡಿದಿದ್ದರಿಂದ ಆಗ ಹಕ್ಕಿ ಇರಲಿಲ್ಲ. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಉಳಿದ ಎರಡು ಮರಗಳಲ್ಲಿ ಎರಡು ಹಕ್ಕಿಗಳು ಒಂದನ್ನೊಂದು ಅಟ್ಟಾಡಿಸುವುದನ್ನು ಕಂಡೆ. ಸುಮಾರು ಒಂದು ವಾರ ಅದೇ ಜಗಳ. ಇಬ್ಬರ ನಡುವೆ ತಿನ್ನುವುದಕ್ಕೂ ಬಿಡುವಿಲ್ಲ. ಆಮೇಲೆ ಒಂದೇ ದನಿ ಉಳಿಯಿತು. ಇನ್ನೊಂದು ಎಲ್ಲಿ ಹೋಯಿತೋ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಕಾನೂನು ಇಲ್ಲವೆಂದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗುವುದಿದ್ದರೆ ಜನರ ಆಕ್ಷೇಪಣೆ ಕೇಳಬೇಕು. ಮೂರು ಮರ, ಏಳು ಮರ, ಹನ್ನೆರಡು ಮರ ಈ ಎಣಿಕೆಗೆ ಸಿಗುವುದೇ ಇಲ್ಲ. ನಗರಗಳು ತಮ್ಮ ನೆರಳನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ, ಚಿಲ್ಲರೆ ಚಿಲ್ಲರೆಯಾಗಿ. ಕಡಿದದ್ದಕ್ಕೆ ಬದಲಾಗಿ ಸಸಿ ನೆಡುವ ಷರತ್ತು ಇರುತ್ತದೆ, ನಿಜ. ಆದರೆ ಸಸಿಯನ್ನು ಸಂಖ್ಯೆಯಲ್ಲಿ ಅಳೆಯುತ್ತಾರೆ, ಹಕ್ಕಿ ಎಲೆಯಲ್ಲಿ ಅಳೆಯುತ್ತದೆ. ನಲವತ್ತು ವರ್ಷದ ಹೊಂಗೆಯೊಂದರ ಎಲೆಗಳೆಷ್ಟು, ಮೂರಡಿಯ ಸಸಿಯ ಎಲೆಗಳೆಷ್ಟು? ಸಸಿ ಊರಾಚೆಯ ಖಾಲಿ ಜಾಗದಲ್ಲಿ ಬೆಳೆದು ದೊಡ್ಡದಾಗುವಷ್ಟರಲ್ಲಿ ಈ ಹಕ್ಕಿಯ ಎಷ್ಟೋ ತಲೆಮಾರು ಕಳೆದಿರುತ್ತದೆ. ಜತೆಗೆ ಯಾವ ಸಸಿ ಎಂಬ ಪ್ರಶ್ನೆಯೂ ಇದೆ. ಬೆಂಗಳೂರಿನ ಬೀದಿಗಳನ್ನು ಗುಲಾಬಿ ಮಾಡುವ ಟಬೆಬುಯಾ ಅಮೆರಿಕ ಖಂಡದ್ದು. ಕಣ್ಣಿಗೆ ಹಬ್ಬವೇ ಸರಿ, ಅದನ್ನು ಪ್ರೀತಿಸುವವರ ಮೇಲೆ ನನಗೆ ತಕರಾರಿಲ್ಲ. ಆದರೆ ಇಲ್ಲಿನ ಹುಳುಗಳು ಸಾವಿರಾರು ವರ್ಷ ಹೊಂದಿಕೊಂಡಿರುವುದು ಹೊಂಗೆ, ಬೇವು, ಹುಣಸೆ, ಅತ್ತಿ, ಆಲದಂಥ ಮರಗಳಿಗೆ. ಹುಳು ಹತ್ತದ ಸುಂದರ ಮರ ಉಲಿಯಕ್ಕಿಗೆ ಖಾಲಿ ತಟ್ಟೆ.

ನಗರದಿಂದ ಮಲೆನಾಡಿಗೆ ಹೋದರೆ ಪ್ರಶ್ನೆ ಇನ್ನಷ್ಟು ತೊಡಕಿನದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳು ಅತ್ತಿ, ಹಲಸು, ನಂದಿ, ಬೀಟೆಗಳ ನೆರಳಿನಲ್ಲಿ ಬೆಳೆದವು. ಆ ನೆರಳೇ ಎಲೆ ಉಲಿಯಕ್ಕಿಗಳ ದೊಡ್ಡ ಚಳಿಗಾಲದ ನೆಲೆ. ನಮ್ಮ ಹಕ್ಕಿಯ ಜತೆ ದಪ್ಪ ಕೊಕ್ಕಿನ ಇನ್ನೊಂದು ಎಲೆ ಉಲಿಯಕ್ಕಿಯೂ ಅಲ್ಲಿಗೆ ಹಿಮಾಲಯದಿಂದ ಬರುತ್ತದೆ. ಅರೇಬಿಕಾ ಕಾಫಿಗೆ ನೆರಳು ಬೇಕೇಬೇಕು, ಇಲ್ಲದಿದ್ದರೆ ಬಿಳಿ ಕಾಂಡಕೊರಕ ಹುಳು ಗಿಡವನ್ನು ಮುಗಿಸುತ್ತದೆ. ರೋಬಸ್ಟಾ ಹೆಚ್ಚು ಬಿಸಿಲು ತಡೆಯುತ್ತದೆ. ಹಾಗಾಗಿ ಅರೇಬಿಕಾ ಹೋಗಿ ರೋಬಸ್ಟಾ ಬಂದ ಕಡೆ ಮರಗಳೂ ವಿರಳವಾಗುತ್ತವೆ. ಉಳಿದ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬರುತ್ತದೆ. ಇದರಲ್ಲಿ ಬೆಳೆಗಾರನನ್ನು ಮಾತ್ರ ದೂರುವುದು ನ್ಯಾಯವಲ್ಲ. ಸಿಲ್ವರ್ ಓಕ್ ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕಷ್ಟಕಾಲದಲ್ಲಿ ಕಡಿದು ಮಾರಲು ಅನುಮತಿಯ ತಕರಾರಿಲ್ಲ. ತಾನೇ ಬೆಳೆಸಿದ ಬೀಟೆಯನ್ನು ಮುಟ್ಟಬೇಕಾದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ನಾಡಮರವನ್ನು ಉಳಿಸಬೇಕೆಂದು ಮಾಡಿದ ನಿಯಮವೇ ನಾಡಮರ ನೆಡದಂತೆ ಮಾಡಿದೆ. ಮಳೆಗಾಲದ ಮುಂಚೆ ನೆರಳುಮರಗಳ ಕೊಂಬೆ ಸವರುವ ಮರಗಸಿಯಿಂದ ಹಕ್ಕಿಗೆ ಅಂಥ ತೊಂದರೆಯಿಲ್ಲ. ಆ ಹೊತ್ತಿಗೆ ಅದು ಹೊರಟಿರುತ್ತದೆ, ಮರಳುವಷ್ಟರಲ್ಲಿ ಕೊಂಬೆ ಚಿಗುರಿರುತ್ತದೆ. ಮರವೇ ಬದಲಾದರೆ ಚಿಗುರುವುದಕ್ಕೆ ಏನೂ ಇರುವುದಿಲ್ಲ.

ಬೀದಿಮರ, ತೋಟದ ನೆರಳು ಆಯಿತು; ಮೂರನೆಯ ಕುತ್ತು ಕೀಟನಾಶಕ. ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿ 27 ವರ್ಷಗಳ ಅವಧಿಯಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದಕ್ಕೆ ಮೂರು ವರ್ಷ ಮೊದಲು, ನೆದರ್ಲ್ಯಾಂಡ್ಸ್‌ನಲ್ಲಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ನೀರಿನಲ್ಲಿ ಹೆಚ್ಚಿರುವ ಕಡೆ ಕೀಟಾಹಾರಿ ಹಕ್ಕಿಗಳು ವರ್ಷಕ್ಕೆ ಸರಾಸರಿ ಶೇ 3.5ರಷ್ಟು ಕುಗ್ಗುತ್ತಿವೆ ಎಂದು ಕಂಡುಬಂದಿತ್ತು. ಯುರೋಪಿಯನ್ ಒಕ್ಕೂಟ 2018ರಲ್ಲಿ ಇದನ್ನೂ ಇದರ ಎರಡು ಸೋದರ ರಾಸಾಯನಿಕಗಳನ್ನೂ ಬಯಲು ಬೆಳೆಗಳಿಗೆ ಬಳಸದಂತೆ ನಿಷೇಧಿಸಿತು. ನಮ್ಮಲ್ಲಿ ಇಮಿಡಾಕ್ಲೋಪ್ರಿಡ್ ಯಾವ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಹಕ್ಕಿಯನ್ನು ನೇರವಾಗಿ ಕೊಲ್ಲುವ ವಿಷ ಕಣ್ಣಿಗೆ ಬೀಳುತ್ತದೆ, ಹಕ್ಕಿಯ ಊಟವನ್ನು ಕೊಲ್ಲುವ ವಿಷ ಬೀಳುವುದಿಲ್ಲ.

ಹಸಿರು ಎಲೆ ಉಲಿಯಕ್ಕಿ ಇವತ್ತಿಗೆ ಅಳಿವಿನಂಚಿನ ಜೀವಿಯಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಜಾಗತಿಕ ಪಟ್ಟಿಯಲ್ಲಿ ಅದು ಕಡಿಮೆ ಆತಂಕದ ವರ್ಗದಲ್ಲಿದೆ. ಆತಂಕ ಇರುವುದು ಒಟ್ಟು ದಿಕ್ಕಿನ ಬಗ್ಗೆ. ಮೂವತ್ತು ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ದಾಖಲಿಸಿದ ಸುಮಾರು ಮೂರು ಕೋಟಿ ಮಾಹಿತಿಗಳನ್ನು ಆಧರಿಸಿ 2023ರಲ್ಲಿ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಬಂತು. ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ಹಣ್ಣು, ಮಕರಂದ ಉಣ್ಣುವ ಹಕ್ಕಿಗಳಿಗಿಂತ ಹುಳುಹುಪ್ಪಟೆ ತಿನ್ನುವ ಹಕ್ಕಿಗಳ ಸ್ಥಿತಿ ಕೆಟ್ಟದು. ನೆಲೆಸಿರುವ ಹಕ್ಕಿಗಳಿಗಿಂತ ದೂರದಿಂದ ವಲಸೆ ಬರುವ ಹಕ್ಕಿಗಳ ಸ್ಥಿತಿ ಕೆಟ್ಟದು. ನಮ್ಮ ಉಲಿಯಕ್ಕಿ ಈ ಎರಡೂ ಗುಂಪಿಗೆ ಸೇರಿದೆ. ಅದಕ್ಕಿಂತ ಇಕ್ಕಟ್ಟಿನಲ್ಲಿರುವ ಬಂಧುಗಳೂ ಇವೆ. ಕಾಶ್ಮೀರದ ಕಾಡುಗಳಲ್ಲಿ ಗೂಡು ಕಟ್ಟಿ ಪಶ್ಚಿಮ ಘಟ್ಟಕ್ಕೆ ಬರುವ ಟೈಟ್ಲರ್ ಎಲೆ ಉಲಿಯಕ್ಕಿ ಅಪಾಯದ ಹೊಸ್ತಿಲಲ್ಲಿದೆ. ನೀಲಗಿರಿ ಮತ್ತು ಶ್ರೀಲಂಕಾದಲ್ಲಿ ಚಳಿಗಾಲ ಕಳೆಯುವ ಕಾಶ್ಮೀರದ ನೊಣಹಿಡುಕ ಆ ಹೊಸ್ತಿಲನ್ನು ದಾಟಿಯಾಗಿದೆ.

ಸರ್ಕಾರದ ಮಟ್ಟದಲ್ಲಿ ವಲಸೆ ಹಕ್ಕಿಗಳ ಬಗ್ಗೆ ಕಾಳಜಿ ಇಲ್ಲ ಎನ್ನಲಾಗದು. ವಲಸೆ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1983ರಿಂದ ಸದಸ್ಯ. 2020ರಲ್ಲಿ ಅದರ ಸಮಾವೇಶ ಗಾಂಧಿನಗರದಲ್ಲೇ ನಡೆಯಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ನಾನೂ ಸಂಭ್ರಮಪಟ್ಟೆ. ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಸಾವಿರಾರು ರೆಕ್ಕೆಗಳ ಸದ್ದು ಕೇಳಿದವರು ಅದನ್ನು ಮರೆಯಲಾರರು. ಆದರೆ ಗಮನಿಸಿ, ಇವೆಲ್ಲವೂ ನೀರಿನ ತಾಣಗಳು. ಭಾರತಕ್ಕೆ ಬರುವ ವಲಸೆ ಹಕ್ಕಿಗಳ ಹಾದಿಯಾದ ಮಧ್ಯ ಏಷ್ಯಾ ಹಾರುಪಥಕ್ಕೆ ರೂಪಿಸಿದ ಮೂಲ ಕಾರ್ಯಯೋಜನೆಯೇ ನೀರುಹಕ್ಕಿಗಳದ್ದು. ಅವು ಒಂದೆಡೆ ಸೇರುತ್ತವೆ, ಎಣಿಸಬಹುದು, ಕೆರೆಗೆ ಗಡಿ ಗುರುತಿಸಿ ಫಲಕ ಹಾಕಬಹುದು. ಉಲಿಯಕ್ಕಿ ಒಂದು ಮರಕ್ಕೆ ಒಂದರಂತೆ ದಕ್ಷಿಣ ಭಾರತದ ತುಂಬ ಚೆಲ್ಲಿಕೊಂಡಿರುತ್ತದೆ. ಅದಕ್ಕೆ ಅಭಯಾರಣ್ಯ ಮಾಡಲಾಗದು. ಅದರ ಭವಿಷ್ಯ ನಿರ್ಧಾರವಾಗುವುದು ನಗರಪಾಲಿಕೆಯ ರಸ್ತೆ ನಕ್ಷೆಯಲ್ಲಿ, ತೋಟದ ಮಾಲೀಕನ ಲೆಕ್ಕದ ಪುಸ್ತಕದಲ್ಲಿ. ಈ ಎರಡು ಕಡೆಯೂ ವಲಸೆ ಹಕ್ಕಿ ಎಂಬ ಪದ ಇನ್ನೂ ಪ್ರವೇಶ ಪಡೆದಿಲ್ಲ.

ಹಾಗಾಗಿ ನನ್ನ ಬೇಡಿಕೆಗಳು ಅಲ್ಲಿಂದಲೇ ಆರಂಭವಾಗುತ್ತವೆ. ಐವತ್ತು ಮರದ ಮಿತಿ ಕೆಳಗಿಳಿಯಲಿ. ಬೀದಿಯಲ್ಲಿ ಮರ ಹೋದರೆ ಅದೇ ಬೀದಿಯಲ್ಲಿ, ಇಲ್ಲಿನದೇ ಮರ ಬರಲಿ. ತಾನು ಬೆಳೆಸಿದ ನಾಡಮರವನ್ನು ಕಟಾವು ಮಾಡಿ ಮತ್ತೆ ನೆಡುವ ಬೆಳೆಗಾರನಿಗೆ ಸಿಲ್ವರ್ ಓಕ್‌ನಷ್ಟೇ ಸುಲಭದ ದಾರಿ ಸಿಗಲಿ. ಮನೆಯೆದುರಿನ ಹೊಂಗೆಯ ಎಲೆ ಗುಳ್ಳೆಯೆದ್ದಿದೆ ಎಂದು ಔಷಧಿ ಹೊಡೆಸುವವರು ಒಂದು ಬೆಳಿಗ್ಗೆ ಅದರ ಕೆಳಗೆ ನಿಂತು ನೋಡಲಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2007ರಲ್ಲಿ ವಲಸೆ ಹಕ್ಕಿಗಳ ಬರವನ್ನು ಜನರಿಂದ ದಾಖಲಿಸುವ ಮೈಗ್ರಂಟ್‌ವಾಚ್ ಎಂಬ ಯೋಜನೆ ಆರಂಭವಾದಾಗ, ಮೊದಲು ಬಂದ ದಿನವನ್ನು ಬರೆದುಕೊಳ್ಳಿ ಎಂದು ಜನರನ್ನು ಕೇಳಿಕೊಂಡ ಕೆಲವೇ ಜಾತಿಗಳಲ್ಲಿ ಈ ಹಕ್ಕಿಯೂ ಒಂದಾಗಿತ್ತು. ಕಾರಣ ಸರಳ. ಇದನ್ನು ಗುರುತಿಸಲು ಕಾಡಿಗೆ ಹೋಗಬೇಕಿಲ್ಲ, ದುರ್ಬೀನೂ ಬೇಕಿಲ್ಲ, ಕಿವಿಯಿದ್ದರೆ ಸಾಕು.

ಯುಗಾದಿಯ ಹೊತ್ತಿಗೆ ಹೊಂಗೆ ಹೊಸ ಎಲೆ ಹೊದ್ದು ಹೂವಾಗುತ್ತದೆ. ಆಗ ನಮ್ಮ ಬೀದಿಯ ಹಕ್ಕಿಯ ದನಿ ಬದಲಾಗುತ್ತದೆ. ಚಳಿಗಾಲವಿಡೀ ‘ಚಿಸ್ಲೀ’ ಎನ್ನುತ್ತಿದ್ದದ್ದು ನಡುನಡುವೆ ಹಾಡಿನ ತುಣುಕುಗಳನ್ನು ಬಿಡುತ್ತದೆ. ಈ ಮರದಲ್ಲಿ ಆ ಹಾಡಿಗೆ ಕೇಳುಗರಿಲ್ಲ, ಅದು ಉತ್ತರದ ಕಾಡಿಗಾಗಿ ನಡೆಸುವ ತಾಲೀಮು. ಹೋದ ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಅದು ತುದಿಕೊಂಬೆಯಲ್ಲಿ ಬಹಳ ಹೊತ್ತು ಹಾಡಿತು. ಕೆಳಗೆ ಬಿದ್ದ ಹೂವಿನ ಹಾಸಿನ ಮೇಲೆ ಮಕ್ಕಳು ಸೈಕಲ್ ಓಡಿಸುತ್ತಿದ್ದರು. ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಮರದಲ್ಲಿ ಅಳಿಲಿನ ಸದ್ದು ಮಾತ್ರ ಇತ್ತು.